ಬೀಗ ಬಿದ್ದ ಕಾಲದ ಮನೆಗಳಿಗೆ ನೋಂದಣಿ ಮಾಡಿಕೊಡಿ

ಕೊರೊನಾದ ಎರಡು ವರ್ಷಗಳಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ಕೊಟ್ಟು ಕೊಂಡ ಮನೆಗಳಲ್ಲಿ ಎಷ್ಟೋ ಮನೆಗಳು ಕಾನೂನಿನ ಲೆಕ್ಕದಲ್ಲಿ ಇವತ್ತಿಗೂ ಮಾರಾಟವಾಗಿಲ್ಲ. ರೊಕ್ಕ ಕೊಟ್ಟವರು ಒಳಗೆ ಸಂಸಾರ ಮಾಡುತ್ತಿದ್ದಾರೆ. ಗೋಡೆಗೆ ಸುಣ್ಣ ಬಳಿಸಿದ್ದಾರೆ, ಮಾಳಿಗೆ ಸೋರಿದಾಗ ಮೇಲೆ ಮಣ್ಣು ಹಾಕಿಸಿದ್ದಾರೆ, ಮಕ್ಕಳ ಮದುವೆಯನ್ನೂ ಅಲ್ಲೇ ಮಾಡಿದ್ದಾರೆ. ಖಾತೆ ಮಾತ್ರ ಹಳೆಯ ಯಜಮಾನನ ಹೆಸರಿನಲ್ಲಿದೆ. ಆ ಯಜಮಾನ ತೀರಿಕೊಂಡಿದ್ದರೆ ಸತ್ತವನ ಹೆಸರಿನಲ್ಲೇ ಇದೆ. ಕೊಂಡವರ ಕೈಯಲ್ಲಿ ಉಳಿದಿರುವುದು ಶಾಲೆಯ ನೋಟ್‌ಬುಕ್ಕಿನ ಒಂದು ಹಾಳೆ, ಇಲ್ಲವೇ ನೂರು ರೂಪಾಯಿ ಛಾಪಾ ಕಾಗದದ ಮೇಲಿನ ಕರಾರು. ಇಂಥವರಿಗೆ ಸರ್ಕಾರ ಒಂದು ಸಲದ ಮಟ್ಟಿಗೆ, ದಂಡವಿಲ್ಲದೆ, ಕಡಿಮೆ ಶುಲ್ಕದಲ್ಲಿ ನೋಂದಣಿ ಮಾಡಿಕೊಡಬೇಕು. ಇದನ್ನು ಕೇಳುವುದಕ್ಕೇ ಈ ಬರಹ.

ನಾನು ನೀಲಗುಂದದವನು. ಹರಪನಹಳ್ಳಿಯ ಉಪನೋಂದಣಿ ಕಚೇರಿಯ ಆಸುಪಾಸಿನಲ್ಲಿ ಕೂತು ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವುದು ನನ್ನ ಕಸುಬು. ಪಟ್ಟಣದ ನಿವೇಶನಕ್ಕೆ ಇಷ್ಟು ಅಡಿ ಉದ್ದ, ಇಷ್ಟು ಅಡಿ ಅಗಲ ಎಂದು ಬರೆದರೆ ಮುಗಿಯಿತು. ಹಳ್ಳಿಯ ಮನೆಗೆ ಅಷ್ಟು ಸಾಲದು. ಖಾನೇಶುಮಾರಿ ನಂಬರು ಎಷ್ಟು, ಎಷ್ಟು ಅಂಕಣ, ಮಾಳಿಗೆಯೋ ಹಂಚೋ ಆರ್‌ಸಿಸಿಯೋ, ಬಡಗಣ ಗೋಡೆ ಸ್ವಂತದ್ದೋ ಪಕ್ಕದವರೊಂದಿಗೆ ಜಂಟಿಯೋ, ಮಳೆನೀರು ಯಾವ ಕಡೆ ಬೀಳಬೇಕು, ಹಿತ್ತಲಿಗೆ ಎತ್ತಿನಗಾಡಿ ಹೋಗುವ ದಾರಿ ಯಾರ ಜಾಗದಲ್ಲಿದೆ, ಎಲ್ಲವನ್ನೂ ಕೇಳಿ ಬರೆಯಬೇಕು. ಚೆಕ್ಕುಬಂದಿಯಲ್ಲಿ ಒಂದು ದಿಕ್ಕು ತಪ್ಪಿದರೆ ಮುಂದಿನ ತಲೆಮಾರು ಕೋರ್ಟು ಹತ್ತುತ್ತದೆ. ನಮ್ಮೂರಿನ ಹೆಸರಿನಲ್ಲೇ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ತಾಮ್ರಪಟಗಳಿವೆ, ಅವು ಭೂದಾನದ ಪತ್ರಗಳು. ಭೀಮೇಶ್ವರ ಗುಡಿಯ ಮುಂದೆ ಕೂತಾಗಲೆಲ್ಲ ಅದು ನೆನಪಾಗುತ್ತದೆ. ಭೂಮಿ ಕೊಟ್ಟದ್ದು ಅಳಿಯದ ಹಾಗೆ ಇರಲಿ ಎಂದು ಲೋಹದ ಮೇಲೆ ಕೊರೆಸಿದ ಊರು ನಮ್ಮದು. ಅದೇ ಊರಿನ ಸುತ್ತಮುತ್ತ 2021ರಲ್ಲಿ ಮನೆ ಮಾರಿದ ದಾಖಲೆ ಪೆನ್ನಿನಲ್ಲಿ ಬರೆದ ಹಾಳೆಯಾಗಿ, ಮಡಿಕೆ ಮಡಿಕೆಗೆ ಹರಿದು, ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಮುಂದೆ ಬರುತ್ತದೆ.

ಹೀಗೇಕಾಯಿತು ಎಂಬುದನ್ನು ಪಟ್ಟಣದವರು ತಿಳಿದುಕೊಳ್ಳಬೇಕು. 2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಂದ್ ಎಂದು ಪ್ರಧಾನಿ ಘೋಷಿಸಿದರು. ಉಪನೋಂದಣಿ ಕಚೇರಿ ಮುಚ್ಚಿತು, ಇ-ಸ್ಟ್ಯಾಂಪ್ ಕೊಡುವ ಕೌಂಟರು ಮುಚ್ಚಿತು. ಕಚೇರಿ ಮತ್ತೆ ತೆರೆದ ಮೇಲೂ ಹಳ್ಳಿಯ ಮನೆಯ ಕಾಗದ ಅಲ್ಲಿಗೆ ನೇರವಾಗಿ ಬರುವಂತಿರಲಿಲ್ಲ. ಗ್ರಾಮಠಾಣದ ಮನೆಯನ್ನು ನೋಂದಾಯಿಸಬೇಕಾದರೆ ಇ-ಸ್ವತ್ತು ತಂತ್ರಾಂಶದಲ್ಲಿ ಪಂಚಾಯಿತಿ ಕೊಡುವ ನಮೂನೆ 9 ಮತ್ತು ನಮೂನೆ 11 ಬೇಕು. ಅದಕ್ಕೆ ಮೊದಲು ಭೂಮಾಪಕರು ಬಂದು ಅಳತೆ ಮಾಡಿ ನಕ್ಷೆ ಕೊಡಬೇಕು. ಅಳೆಯುವವರು ಬರುವಂತಿಲ್ಲ, ಅಳೆಸುವವರು ಹೊರಗೆ ನಿಲ್ಲುವಂತಿಲ್ಲ. ಆ ವರ್ಷದ ನಡುವಿಗೆ ಪಂಚಾಯಿತಿಗಳ ಅವಧಿಯೂ ಮುಗಿದು, ಕೊರೊನಾದಿಂದ ಚುನಾವಣೆ ಮುಂದೆ ಹೋಗಿ, ಆಡಳಿತಾಧಿಕಾರಿಗಳ ಕೈಗೆ ಹೋದವು. ಮತದಾನ ನಡೆದದ್ದು ಡಿಸೆಂಬರ್ 22 ಮತ್ತು 27ಕ್ಕೆ. ಅಷ್ಟು ತಿಂಗಳು, 'ನಮ್ಮ ಮನೆಯ ಕಾಗದ ಯಾಕೆ ಬರಲಿಲ್ಲ' ಎಂದು ಕೇಳಲು ಊರಿನಲ್ಲಿ ಒಬ್ಬ ಸದಸ್ಯನೂ ಇರಲಿಲ್ಲ.

2021 ಇನ್ನೂ ಬಿಗಿಯಾಯಿತು. ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ, ಎರಡು ವಾರ ಸರ್ಕಾರಿ ಬಸ್ಸಿಲ್ಲ. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ 27ರಿಂದ ರಾಜ್ಯವ್ಯಾಪಿ ಬಂದ್. ಬೆಳಿಗ್ಗೆ 6ರಿಂದ 10ರವರೆಗೆ ದಿನಸಿ, ತರಕಾರಿ, ಹಾಲು, ಆಮೇಲೆ ಪೊಲೀಸರ ಲಾಠಿ. ಜೂನ್ 14ಕ್ಕೆ ಹಲವು ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಿತು, ಆದರೆ ಸೋಂಕು ಹೆಚ್ಚಿದ್ದ ಹನ್ನೊಂದು ಜಿಲ್ಲೆಗಳಿಗೆ ಸಿಗಲಿಲ್ಲ. ಆ ಹನ್ನೊಂದರಲ್ಲಿ ದಾವಣಗೆರೆಯೂ ಒಂದು. ನಮ್ಮ ಆಸ್ಪತ್ರೆ, ನಮ್ಮ ಮಾರುಕಟ್ಟೆ, ನಮ್ಮ ಬೀಗರ ಮನೆಗಳೆಲ್ಲ ಇರುವುದು ದಾವಣಗೆರೆಯಲ್ಲಿ. ಹರಪನಹಳ್ಳಿ ದಾಟಿ ಕಂಚಿಕೆರೆ ಮಾರ್ಗವಾಗಿ ಹೊರಟರೆ ಜಿಲ್ಲೆಯ ಗಡಿಯಲ್ಲಿ ಬೇರೆಯದೇ ಕಾನೂನು.

ಗಡಿಯ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯವರು. ಆಮೇಲೆ ಮೈಸೂರು ರಾಜ್ಯದ ಬಳ್ಳಾರಿ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅದಕ್ಕೆ ಸೇರಿದೆವು. 2018ರಲ್ಲಿ ಮರಳಿ ಬಳ್ಳಾರಿಗೆ ಸೇರಿಸುವ ತೀರ್ಮಾನವಾಯಿತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಕೊಡುವ ಸೌಲಭ್ಯಕ್ಕಾಗಿ ವರ್ಷಗಟ್ಟಲೆ ನಡೆದ ಹೋರಾಟದ ಫಲ ಅದು, ನ್ಯಾಯವಾದದ್ದೇ. 2021ರ ಫೆಬ್ರುವರಿ 8ಕ್ಕೆ ವಿಜಯನಗರ ಜಿಲ್ಲೆಯ ಅಧಿಸೂಚನೆ ಬಂತು. ಹೀಗಾಗಿ ತಂದೆಯ ಪತ್ರದಲ್ಲಿ ಒಂದು ಜಿಲ್ಲೆ, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಪಂಚಾಯಿತಿಯ ರಸೀದಿಯಲ್ಲಿ ಮತ್ತೊಂದು. ಅದೇ ಮನೆ, ಅದೇ ಓಣಿ. ಆ ಗೊಂದಲದಲ್ಲಿ ಓದು ಬಾರದ ಒಬ್ಬ ಮನುಷ್ಯ ಮಾಸ್ಕ್ ಕಟ್ಟಿಕೊಂಡು ಯಾವ ಮೇಜಿನಿಂದ ಯಾವ ಮೇಜಿಗೆ ಅಲೆಯಬೇಕಿತ್ತು?

ಇಷ್ಟೆಲ್ಲ ಇದ್ದೂ ಮನೆಗಳು ಮಾರಾಟವಾದವು, ಯಾಕೆಂದರೆ ಮಾರಲೇಬೇಕಿತ್ತು. ನಮ್ಮದು ಮೆಕ್ಕೆಜೋಳದ ಸೀಮೆ. 2020ರಲ್ಲಿ ಅದರ ಬೆಲೆ ಬಿದ್ದುಹೋಯಿತು, ಸರ್ಕಾರವೇ ಮೆಕ್ಕೆಜೋಳದ ರೈತರಿಗೆ ತಲಾ 5,000 ರೂಪಾಯಿ ಪರಿಹಾರ ಘೋಷಿಸಬೇಕಾಯಿತು. ಮರುವರ್ಷ ಆಸ್ಪತ್ರೆಯ ಖರ್ಚು. ಆಕ್ಸಿಜನ್ ಹಾಸಿಗೆಗೆ ಮುಂಗಡ ಕಟ್ಟಬೇಕೆಂದರೆ ಹಳ್ಳಿಯವನ ಹತ್ತಿರ ಹೊಲ, ಎತ್ತು, ಬಂಗಾರ, ಮನೆ ಬಿಟ್ಟರೆ ಏನಿದೆ? ಹೊಲ ಕೊನೆಯವರೆಗೂ ಬಿಡುವುದಿಲ್ಲ. ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡವರನ್ನು ನಾನು ಬಲ್ಲೆ. ಕೊಳ್ಳುವವರೂ ಇದ್ದರು. ಬೆಂಗಳೂರಿನ ಕಟ್ಟಡ ಕೆಲಸ, ಮಂಗಳೂರಿನ ಬಂದರು, ಚಿಕ್ಕಮಗಳೂರಿನ ಕಾಫಿ ತೋಟಗಳಿಂದ ಗುಳೆ ಹೋದವರು ಗಂಟುಮೂಟೆ ಹೊತ್ತು ಊರಿಗೆ ಬಂದಿದ್ದರು. ಶೆಡ್ಡಿನಲ್ಲಿ ಇನ್ನು ಇರಲಾರೆವು, ಸತ್ತರೂ ನಮ್ಮೂರಿನಲ್ಲಿ ಒಂದು ಸೂರಿರಲಿ ಎಂದುಕೊಂಡವರು ಅವರು. ಇಲ್ಲಿ ಮಾರಿದವನೂ ಬಡವ, ಕೊಂಡವನೂ ಬಡವ. ಹಣವಂತ ಸಮಯ ಸಾಧಿಸಿ ಅಗ್ಗಕ್ಕೆ ಹೊಡೆದುಕೊಂಡ ಮನೆಗಳೂ ಇವೆ. ಅವರ ಬಗ್ಗೆ ನನಗೆ ಚಿಂತೆಯಿಲ್ಲ, ಅವರು ವಕೀಲರನ್ನು ಹಿಡಿದು ಎಲ್ಲವನ್ನೂ ಆಗಲೇ ಸರಿಮಾಡಿಕೊಂಡಿದ್ದಾರೆ.

ಒಂದು ಮನೆಯ ಕಥೆ ಹೇಳುತ್ತೇನೆ, ಹೆಸರು ಬೇಡ. ನಾಲ್ಕು ಅಂಕಣದ ಮಾಳಿಗೆ ಮನೆ, ಹಿಂದೆ ಬಣವೆ ಒಟ್ಟುವಷ್ಟು ಹಿತ್ತಲು. ಯಜಮಾನನಿಗೆ ಎಪ್ಪತ್ತು ದಾಟಿತ್ತು. 2021ರ ಮೇ ತಿಂಗಳಲ್ಲಿ ಅವರ ಮಗ ದಾವಣಗೆರೆಯಲ್ಲಿ ಆಸ್ಪತ್ರೆ ಸೇರಿದ. ಕಾಫಿ ತೋಟದಿಂದ ಬಂದಿದ್ದ ಗಂಡ ಹೆಂಡತಿ ಮನೆಯನ್ನು 3,60,000 ರೂಪಾಯಿಗೆ ಮಾತಾಡಿದರು. ತಾಳಿ ಬಿಟ್ಟು ಉಳಿದ ಬಂಗಾರವನ್ನೆಲ್ಲ ಅಡವಿಟ್ಟು 3 ಲಕ್ಷ ಕೊಟ್ಟರು. ಉಳಿದ 60,000 ನೋಂದಣಿಯ ದಿನ ಎಂದು ಒಪ್ಪಂದ. ಛಾಪಾ ಕಾಗದ ಸಿಗದೆ ಊರಿನ ಮೇಷ್ಟ್ರೊಬ್ಬರು ಗುಡಿಕಟ್ಟೆಯ ಮೇಲೆ ಕೂತು ಬಿಳಿ ಹಾಳೆಯಲ್ಲಿ ಬರೆದುಕೊಟ್ಟರು. ಅಕ್ಷರ ಮುತ್ತಿನಂತಿದೆ, ಇಬ್ಬರು ಸಾಕ್ಷಿಗಳ ಸಹಿ ಇದೆ, ಯಜಮಾನನ ಹೆಬ್ಬೆಟ್ಟು ಇದೆ. ಮಗ ಬದುಕಿ ಬಂದ. ಎರಡು ತಿಂಗಳಿಗೆ ಯಜಮಾನನೇ ತೀರಿಕೊಂಡರು.

ಈಗ ಅವರ ಇಬ್ಬರು ಹೆಣ್ಣುಮಕ್ಕಳು, ರಾಣೆಬೆನ್ನೂರು ಕಡೆಗೆ ಒಬ್ಬಳನ್ನು, ಹುಬ್ಬಳ್ಳಿಗೆ ಇನ್ನೊಬ್ಬಳನ್ನು ಕೊಟ್ಟದ್ದು, ಸಹಿ ಹಾಕುವುದಿಲ್ಲ ಎನ್ನುತ್ತಾರೆ. ಊರವರು ಅವರನ್ನು ಬೈಯುತ್ತಾರೆ. ನಾನು ಬೈಯಲಾರೆ. ಹುಟ್ಟಿದ ಮನೆ ಹೋದದ್ದು ಅವರಿಗೆ ಫೋನಿನಲ್ಲಿ ತಿಳಿಯಿತು, ತಂದೆಯ ಮುಖವನ್ನೂ ಕೊನೆಗೆ ನೋಡಲಾಗಲಿಲ್ಲ. ಕಾನೂನೂ ಅವರ ಕಡೆಗಿದೆ. 2020ರ ಆಗಸ್ಟ್ 11ರಂದು, ಅದೇ ಕೊರೊನಾ ನಡುವೆ, ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು: ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು, 2005ರ ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ. ದೊಡ್ಡ ತೀರ್ಪು, ಬರಬೇಕಾದದ್ದೇ ಬಂತು. ಕುಟುಂಬದ ಅಗತ್ಯಕ್ಕೆ, ಅದೂ ಮಗನ ಔಷಧಕ್ಕೆ, ಯಜಮಾನ ಮಾರಬಹುದೆಂಬ ತತ್ವ ಹಿಂದೂ ಕಾನೂನಿನಲ್ಲಿದೆ ನಿಜ. ಅದನ್ನು ಸಾಬೀತು ಮಾಡಬೇಕಾದ್ದು ಕೋರ್ಟಿನಲ್ಲಿ. ಅಡವಿಟ್ಟ ಬಂಗಾರ ಬಿಡಿಸಿಕೊಳ್ಳಲಾಗದವರು ವಕೀಲರಿಗೆ ಎಲ್ಲಿಂದ ಕೊಡಬೇಕು?

'ಅಣ್ಣಾ, ರೊಕ್ಕ ಕೊಟ್ಟೀವಿ, ಮನ್ಯಾಗ ಅದೀವಿ, ಊರಿಗೆಲ್ಲ ಗೊತ್ತೈತಿ. ಮತ್ಯಾಕ ನಮ್ದಲ್ಲ ಅಂತಾರ?' ಎಂದು ಮನೆ ಕೊಂಡ ಆ ಹೆಣ್ಣುಮಗಳು ಕೇಳಿದಳು. ಉತ್ತರ ಕಹಿಯಾಗಿದೆ. ನೂರು ರೂಪಾಯಿಗೆ ಮೇಲ್ಪಟ್ಟ ಯಾವ ಸ್ಥಿರಾಸ್ತಿಯ ಮಾರಾಟವೂ ನೋಂದಣಿಯಾಗದೆ ಮಾರಾಟವಲ್ಲ. ಹಿಂದೆ ಕರಾರಿನ ಮೇಲೆ ಸ್ವಾಧೀನ ಪಡೆದವನಿಗೆ ಸ್ವತ್ತು ವರ್ಗಾವಣೆ ಕಾಯ್ದೆಯ 53ಎ ಕಲಮು ರಕ್ಷಣೆ ಕೊಡುತ್ತಿತ್ತು. 2001ರ ತಿದ್ದುಪಡಿಯ ನಂತರ ಆ ಕರಾರೂ ನೋಂದಣಿಯಾಗಿರಬೇಕು. ಸ್ವಾಧೀನ ಕೊಟ್ಟ ಕರಾರನ್ನು ನೋಂದಾಯಿಸಲು ಹೋದರೆ ಕ್ರಯಪತ್ರದಷ್ಟೇ ಮುದ್ರಾಂಕ ಶುಲ್ಕ ಕಟ್ಟಬೇಕು. ಅಧಿಕಾರಪತ್ರ ಬರೆಸಿಕೊಂಡು ಮಾರಾಟವಾಯಿತು ಎನ್ನುವುದಕ್ಕೂ ಸುಪ್ರೀಂ ಕೋರ್ಟಿನ 2011ರ ಸೂರಜ್ ಲ್ಯಾಂಪ್ ತೀರ್ಪು ಕೊನೆ ಹಾಡಿದೆ. ಕಾಯ್ದೆ ಇರುವುದು ವಂಚನೆ ತಡೆಯಲು, ಸರಿಯೇ. ಆದರೆ ಕಚೇರಿಗೆ ಬೀಗ ಹಾಕಿ, ಬಸ್ಸು ನಿಲ್ಲಿಸಿ, ಹೊರಗೆ ಬಂದರೆ ಹೊಡೆದು, ಆಮೇಲೆ 'ಕಚೇರಿಗೆ ಯಾಕೆ ಬರಲಿಲ್ಲ' ಎಂದು ಕೇಳುವುದು ನ್ಯಾಯವಲ್ಲ.

ಕೋರ್ಟಿನಲ್ಲಿ ದಾವೆ ಹೂಡುವವರ ಕಷ್ಟ ಸುಪ್ರೀಂ ಕೋರ್ಟಿಗೆ ಕಂಡಿತು. 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಕಾಲವನ್ನು ಕಾಲಮಿತಿಯ ಲೆಕ್ಕದಿಂದಲೇ ತೆಗೆದುಹಾಕಿತು. ಕರಾರು ಪಾಲಿಸಿಕೊಡಿ ಎಂದು ಕೇಳಲು ಮೂರು ವರ್ಷದ ಗಡುವು. ನೋಂದಣಿಗೆ ಇಂಥ ದಿನ ಎಂದು ಕರಾರಿನಲ್ಲಿ ಬರೆದು, ಆ ದಿನ ಕೊರೊನಾ ಕಾಲದಲ್ಲಿ ಬಿದ್ದಿದ್ದರೆ, ಈ ವಿನಾಯಿತಿ ಸೇರಿಸಿದರೂ ಗಡುವು 2025ರ ಫೆಬ್ರುವರಿಯ ಕೊನೆಗೆ ತೀರಿಹೋಗಿದೆ. ದಿನ ಬರೆಯದಿದ್ದರೆ ಮಾರಿದವರು 'ಆಗುವುದಿಲ್ಲ' ಎಂದದ್ದು ತಿಳಿದ ದಿನದಿಂದ ಎಣಿಕೆ. ಹಳ್ಳಿಗಳಲ್ಲಿ ಈ ಲೆಕ್ಕ ಗೊತ್ತಿರುವವರು ಯಾರು? ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಲ್ಲ.

ಸರ್ಕಾರ ಆ ಕಾಲದಲ್ಲಿ ಮನೆ ಕೊಳ್ಳುವವರನ್ನು ಮರೆತಿರಲಿಲ್ಲ, ಹಳ್ಳಿಯಲ್ಲಿ ಕೊಳ್ಳುವವರನ್ನು ಮರೆಯಿತು. 2020ರಲ್ಲಿ 20 ಲಕ್ಷದೊಳಗಿನ ಮನೆಗೆ ಮುದ್ರಾಂಕ ಶುಲ್ಕ ಶೇ 5ರಿಂದ 2ಕ್ಕೆ ಇಳಿಯಿತು, 35 ಲಕ್ಷದವರೆಗೆ ಶೇ 3 ಆಯಿತು, ಮರುವರ್ಷದ ಬಜೆಟ್ಟಿನಲ್ಲಿ 45 ಲಕ್ಷದವರೆಗೂ ವಿಸ್ತರಿಸಿತು. ಆದರೆ ಇದೆಲ್ಲ ಹೊಸ ಅಪಾರ್ಟ್‌ಮೆಂಟಿನ ಮೊದಲ ನೋಂದಣಿಗೆ ಮಾತ್ರ. ನೀಲಗುಂದದಲ್ಲಿ ಅಪಾರ್ಟ್‌ಮೆಂಟ್ ಎಲ್ಲಿದೆ? ಹೂವಿನಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಹಳ್ಳಿಗಳಲ್ಲಿ ಎಲ್ಲಿದೆ? 3,60,000ದ ಮಾಳಿಗೆ ಮನೆಗೆ ಪೂರ್ತಿ ಶೇ 5, ಅದರ ಮೇಲೆ ಸೆಸ್, ಮೇಲ್ತೆರಿಗೆ, ನೋಂದಣಿ ಶುಲ್ಕ. ಪಕ್ಕದ ಮಹಾರಾಷ್ಟ್ರ 2020ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಹಳೆಯ ಮನೆ, ಹೊಸ ಮನೆ ಎನ್ನದೆ ಶುಲ್ಕವನ್ನು ಶೇ 3ರಷ್ಟು ಇಳಿಸಿತ್ತು, ಆಮೇಲೆ ಮೂರು ತಿಂಗಳು ಶೇ 2ರಷ್ಟು. ನಮ್ಮಲ್ಲಿ ಎಲ್ಲರಿಗೂ ಎಂದು ಸಿಕ್ಕಿದ್ದು 2022ರ ಜನವರಿಯಿಂದ ಮಾರ್ಗಸೂಚಿ ದರದಲ್ಲಿ ಶೇ 10ರ ರಿಯಾಯಿತಿ. ಅಷ್ಟರೊಳಗೆ ನಮ್ಮ ಕಡೆಯ ಬಿಳಿ ಹಾಳೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಈಗ ಹಾದಿ ಇನ್ನೂ ದುಬಾರಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಹಳ್ಳಿಯ ಮನೆಗೆ ಎಲ್ಲ ಸೇರಿ ಶೇ 6.65 ಇದ್ದದ್ದು ಶೇ 7.65 ಆಯಿತು. 4 ಲಕ್ಷದ ಮನೆಗೆ 30,600 ರೂಪಾಯಿ.

ಹಳ್ಳಿಯ ಮನೆಗೆ ದಾಖಲೆ ಬೇಕೆಂಬ ಅರಿವು ಸರ್ಕಾರಕ್ಕೆ ಇಲ್ಲದಿರಲಿಲ್ಲ. 2020ರ ಏಪ್ರಿಲ್ 24ರಂದು, ನಾವೆಲ್ಲ ಮನೆಯೊಳಗೆ ಕೂತಿದ್ದಾಗಲೇ, ಕೇಂದ್ರ ಸ್ವಾಮಿತ್ವ ಯೋಜನೆ ಘೋಷಿಸಿತು. ಡ್ರೋನಿನಿಂದ ಗ್ರಾಮಠಾಣ ಅಳೆದು ಮನೆಮನೆಗೆ ಆಸ್ತಿ ಕಾರ್ಡು ಕೊಡುವುದು. ಒಳ್ಳೆಯ ಕೆಲಸ, ಪೂರ್ತಿ ಆಗಲಿ. ಆದರೆ ಮೇಲೆ ಹಾರುವ ಡ್ರೋನಿಗೆ ಮಾಳಿಗೆ ಕಾಣುತ್ತದೆ, ಅದರೊಳಗೆ ಇರುವವರು ಕೊಂಡವರೋ ಬಾಡಿಗೆಯವರೋ ಕಾಣುವುದಿಲ್ಲ. ಕಾರ್ಡು ಹಳೆಯ ಹೆಸರಿಗೇ ಬಂದರೆ ರೊಕ್ಕ ಕೊಟ್ಟವರ ಕಥೆ ಅಲ್ಲಿಗೇ ಮುಗಿಯಿತು.

ಹಾಗಾಗಿ ಕಂದಾಯ ಇಲಾಖೆ ಮಾಡಬೇಕಾದ್ದು ಇದು. 2020ರ ಮಾರ್ಚಿನಿಂದ 2021ರ ಡಿಸೆಂಬರಿನವರೆಗೆ ಗ್ರಾಮಠಾಣದ ಮನೆಯನ್ನು ಕರಾರಿನ ಮೇಲೆ ಕೊಂಡು ಅಲ್ಲೇ ವಾಸವಿರುವವರಿಗೆ ಒಂದು ವರ್ಷದ ಅವಕಾಶ ಕೊಡಲಿ. ಅಪಾರ್ಟ್‌ಮೆಂಟಿಗೆ ಕೊಟ್ಟ ಶೇ 2ರ ದರವನ್ನೇ ಇವರಿಗೂ ಕೊಡಲಿ. ಮಾರಿದವರು ತೀರಿಕೊಂಡಿದ್ದರೆ ವಾರಸುದಾರರನ್ನು ತಹಶೀಲ್ದಾರರ ಮುಂದೆ ಕರೆಸಿ ರಾಜಿ ಮಾಡಿಸಲಿ. ಹೆಣ್ಣುಮಕ್ಕಳ ಪಾಲು ಉಳಿದಿದ್ದರೆ ಇಂದಿನ ಬೆಲೆಯಲ್ಲಿ ಅದನ್ನು ಕೊಡಿಸಿ, ಕಂತಿನಲ್ಲಿ ಕಟ್ಟಲು ಕೊಂಡವರಿಗೆ ಸಮಯ ಕೊಡಲಿ. ನಾನು ಹೇಳಿದ ಆ ಮನೆಯ ಹೆಣ್ಣುಮಕ್ಕಳೂ ಇಷ್ಟಕ್ಕೆ ಒಪ್ಪುತ್ತಾರೆಂಬ ನಂಬಿಕೆ ನನಗಿದೆ. ಅವರಿಗೆ ಬೇಕಾದದ್ದು ಮನೆಯಲ್ಲ, ತಮ್ಮನ್ನೂ ಕೇಳಬೇಕಿತ್ತು ಎಂಬ ಗೌರವ.

ಹೀಗೆ ಮಾಡಿದರೆ ಹಳೆಯ ತಾರೀಖು ಹಾಕಿ ಸುಳ್ಳು ಕರಾರು ಹುಟ್ಟಿಸುತ್ತಾರೆ ಎಂದು ಅಧಿಕಾರಿಗಳು ಹೇಳುತ್ತಾರೆ. ಹುಟ್ಟಿಸುವವರು ಇದ್ದೇ ಇರುತ್ತಾರೆ. ಆದರೆ ಹಳ್ಳಿಯಲ್ಲಿ ಯಾರು ಯಾವಾಗಿನಿಂದ ಯಾವ ಮನೆಯಲ್ಲಿದ್ದಾರೆ ಎಂಬುದು ಮುಚ್ಚಿಡುವ ಸಂಗತಿಯಲ್ಲ. ಮನೆಗಂದಾಯದ ರಸೀದಿ ಯಾರು ಕಟ್ಟಿದ್ದು, ವಿದ್ಯುತ್ ಬಿಲ್ ಯಾರು ತುಂಬಿದ್ದು, ಪಡಿತರ ಚೀಟಿಯಲ್ಲಿ ಯಾವ ಮನೆ ನಂಬರು, ಆಶಾ ಕಾರ್ಯಕರ್ತೆಯ ಕೊರೊನಾ ಸಮೀಕ್ಷೆಯ ಪುಸ್ತಕದಲ್ಲಿ ಆ ಮನೆಯ ಎದುರು ಯಾರ ಹೆಸರು, ನೋಡಲಿ. ಚೆಕ್ಕುಬಂದಿಯ ನಾಲ್ಕೂ ಕಡೆಯವರನ್ನು ಕೇಳಲಿ. ಗ್ರಾಮಸಭೆಯಲ್ಲಿ ಓದಿ ಹೇಳಿ, ತಕರಾರಿಗೆ ಮೂವತ್ತು ದಿನ ಕೊಡಲಿ. ಸರ್ಕಾರಿ ಜಾಗದಲ್ಲಿ ಅನುಮತಿಯಿಲ್ಲದೆ ಕಟ್ಟಿಕೊಂಡ ಮನೆಯನ್ನೇ ಭೂಕಂದಾಯ ಕಾಯ್ದೆಯ 94ಸಿ ಅಡಿಯಲ್ಲಿ ಸಕ್ರಮ ಮಾಡುವ ರಾಜ್ಯ ಇದು. ತಾಂಡಾಗಳಿಗೆ, ಹಟ್ಟಿಗಳಿಗೆ ಹಕ್ಕುಪತ್ರ ಕೊಟ್ಟ ರಾಜ್ಯ ಇದು, ಆ ಹೆಮ್ಮೆ ನನಗಿದೆ. ತಮ್ಮ ದುಡಿಮೆಯ ರೊಕ್ಕ ಎಣಿಸಿಕೊಟ್ಟು ಮನೆ ಕೊಂಡವರಿಗೆ ಅಷ್ಟನ್ನೂ ಮಾಡಲಾಗದೆ?

ಇನ್ನೊಂದು ಕೆಲಸಕ್ಕೆ ಹೊಸ ಕಾನೂನೂ ಬೇಡ. 1908ರ ನೋಂದಣಿ ಕಾಯ್ದೆಯ 38ನೇ ಕಲಮು ಈಗಲೂ ಇದೆ. ಅನಾರೋಗ್ಯದಿಂದ ಕಚೇರಿಗೆ ಬರಲಾಗದವರನ್ನು ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ನೋಂದಣಾಧಿಕಾರಿಯೇ ಮನೆಗೆ ಹೋಗಬೇಕು ಅಥವಾ ಬೇರೊಬ್ಬರನ್ನು ನೇಮಿಸಿ ಕಳುಹಿಸಬೇಕು ಎನ್ನುತ್ತದೆ ಅದು. ಈ ಕಲಮು ಆ ಎರಡು ವರ್ಷ ಹಳ್ಳಿಹಳ್ಳಿಯಲ್ಲಿ ಕೆಲಸ ಮಾಡಿದ್ದರೆ ಎಷ್ಟೋ ಹಿರಿಯರು ಕಣ್ಣು ಮುಚ್ಚುವ ಮೊದಲು ಹೆಬ್ಬೆಟ್ಟು ಒತ್ತಿರುತ್ತಿದ್ದರು. 2023ರಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ಪತ್ರದ ತಯಾರಿ, ಶುಲ್ಕ ಎಲ್ಲ ಆನ್‌ಲೈನಿನಲ್ಲೇ ಮುಗಿಯುತ್ತದೆ, ಕಚೇರಿಯಲ್ಲಿ ಉಳಿಯುವುದು ಫೋಟೊ, ಹೆಬ್ಬೆಟ್ಟು. ಆ ಕ್ಯಾಮೆರಾ, ಆ ಯಂತ್ರವನ್ನು ವಾರಕ್ಕೊಮ್ಮೆ ಒಂದು ಹೋಬಳಿಗೆ ಕಳುಹಿಸಲು ಏನು ಅಡ್ಡಿ? ಮುಂದೆ ಇನ್ನೊಂದು ಸಾಂಕ್ರಾಮಿಕ ಬಂದಾಗ ಹುಡುಕಾಡುವ ಬದಲು ಈಗಲೇ ರೂಢಿ ಮಾಡಲಿ.

ಸರ್ಕಾರ ಯಾವಾಗ ಕೇಳಿಸಿಕೊಳ್ಳುತ್ತದೋ, ಅಲ್ಲಿಯವರೆಗೆ ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಅಂಥ ಹಾಳೆ ಇದ್ದರೆ ಈ ವಾರವೇ ಹೊರಗೆ ತೆಗೆಯಿರಿ. ಅದರಲ್ಲಿ ನೋಂದಣಿಗೆ ದಿನ ನಿಗದಿಯಾಗಿದೆಯೇ ನೋಡಿ, ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ ಕೇಳಿ, ಮಹಿಳೆಯರಿಗೆ, ಪರಿಶಿಷ್ಟರಿಗೆ, ಬಡವರಿಗೆ ಅಲ್ಲಿ ವಕೀಲರು ಪುಕ್ಕಟೆ ಸಿಗುತ್ತಾರೆ. ಸಾಕ್ಷಿ ಹಾಕಿದವರು ಬದುಕಿದ್ದರೆ ಅವರ ಹೇಳಿಕೆಯನ್ನು ಈಗಲೇ ಬರೆಸಿಡಿ. ಮಾರಿದವರು ಬದುಕಿದ್ದರೆ ಕೈಮುಗಿದು ಕರೆತಂದು ಕ್ರಯಪತ್ರ ಮಾಡಿಸಿಕೊಳ್ಳಿ, ಅವರ ಹೆಣ್ಣುಮಕ್ಕಳ ಸಹಿಯನ್ನೂ ಕೇಳಿ ಹಾಕಿಸಿ. ಅವರು ಹಾಸಿಗೆ ಹಿಡಿದಿದ್ದರೆ 38ನೇ ಕಲಮಿನ ಹೆಸರು ಬರೆದು ಉಪನೋಂದಣಾಧಿಕಾರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.